ಬೆಂಗಳೂರಿಗಿಂತ ಮೊದಲೇ ಟಿ.ವಿ. ಕಂಡ ಹಳ್ಳಿಗಳು

ಕರ್ನಾಟಕದ ದೂರದರ್ಶನದ ಚರಿತ್ರೆಯನ್ನು 1981ರ ನವೆಂಬರ್ 1ರಿಂದ, ಅಂದರೆ ಬೆಂಗಳೂರು ಕೇಂದ್ರ ಶುರುವಾದ ದಿನದಿಂದ ಹೇಳುವುದು ರೂಢಿ. ರಾಜ್ಯೋತ್ಸವದ ದಿನವೂ ಆದ್ದರಿಂದ ಆ ತಾರೀಖು ನೆನಪಿನಲ್ಲಿ ಉಳಿಯುತ್ತದೆ. ಆದರೆ ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಮಕ್ಕಳು ಕನ್ನಡದ ಟಿ.ವಿ. ನೋಡಿಯಾಗಿತ್ತು.

ಅದು ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಂಡ ಕನಸು. 1969ರಲ್ಲೇ ನಾಸಾ ಜೊತೆ ಒಪ್ಪಂದವಾಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ನಡೆಯಿತು. ಟಿ.ವಿ. ಇರುತ್ತಿದ್ದದ್ದು ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ. ಹೊರಗೆ ಮೂರು ಮೀಟರ್ ಅಗಲದ ಆಂಟೆನಾ, ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವ ತಂತಿಬಲೆ. ಕರೆಂಟಿಲ್ಲದ ಕಡೆ ಬ್ಯಾಟರಿ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಹಂಚಿಕೊಂಡಿದ್ದವು. ಕನ್ನಡ ಶಾಲೆಯ ಮಕ್ಕಳ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ.

ಆ ಕನ್ನಡ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಿಂದ ಹೊರಬಂದು ಮೂರು ದಶಕ ಕೂಡ ಕಳೆದಿರಲಿಲ್ಲ. ಪರದೆಯ ಮೇಲಿನ ಕನ್ನಡ ಮತ್ತೆ ಅದೇ ರಾಜಧಾನಿಯಿಂದ ಬರಬೇಕಾಯಿತು. ವಿಜಯಪುರಕ್ಕಂತೂ ಆ ಊರಿನ ನಂಟೂ ಇರಲಿಲ್ಲ. ಇದನ್ನು ಬರೀ ತಾಂತ್ರಿಕ ಅನುಕೂಲ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮೊದಮೊದಲು ಸಂಜೆಯ ಪ್ರಸಾರಕ್ಕೆ ಜಾತ್ರೆಯಂತೆ ಜನ ಸೇರಿದರು. ಕ್ರಮೇಣ ಒಂದೊಂದು ಸೆಟ್ಟಿನ ಮುಂದೆ ಸೇರುವವರ ಸಂಖ್ಯೆ ಸರಾಸರಿ ನೂರರ ಆಸುಪಾಸಿಗೆ ಇಳಿಯಿತು. ಇಸ್ರೋ ಸಮೀಕ್ಷೆಗಳಿಗೇ ನಿಲ್ಲದೆ ಮಾನವಶಾಸ್ತ್ರಜ್ಞರನ್ನು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿಸಿತು. ಮಕ್ಕಳ ಭಾಷೆ ಸುಧಾರಿಸಿದ್ದು ಅಧ್ಯಯನಗಳಲ್ಲಿ ಕಂಡುಬಂತು. ಟಿ.ವಿ. ಇದೆಯೆಂದು ಶಾಲೆಗೆ ಹೆಚ್ಚು ಮಕ್ಕಳು ಸೇರಲಿಲ್ಲ. ಹೊಲದ ಕೆಲಸ, ಮನೆಯ ಬಡತನ ಇದ್ದಲ್ಲೇ ಇರುವಾಗ ಅದರಲ್ಲಿ ಅಚ್ಚರಿಯೇನಿಲ್ಲ.

1976ರ ಜುಲೈ 31ಕ್ಕೆ ಗಡುವು ಮುಗಿದು ಉಪಗ್ರಹ ಅಮೆರಿಕದತ್ತ ಹೊರಳಿತು. 1977ರಲ್ಲಿ ಕಲಬುರಗಿಗೆ ನೆಲದ ಪ್ರಸಾರಕೇಂದ್ರ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು. ಆದರೆ ಅದರ ವ್ಯಾಪ್ತಿ ಚಿಕ್ಕದು. ದೂರದ ಹಳ್ಳಿಗಳ ಟಿ.ವಿ. ಅದಕ್ಕೆ ದಕ್ಕಲಿಲ್ಲ.

ಮುಂದೆ 1982ರ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು, ರಾಷ್ಟ್ರೀಯ ಜಾಲ ಬಂತು, ಟಿ.ವಿ. ಮನೆಯೊಳಗೆ ಸೇರಿತು. ಈಗ ಬಾಲ್ಯದ ನೆನಪೆಂದು ಬರೆಯುವವರು ಹೆಚ್ಚಾಗಿ ಈ ಪೀಳಿಗೆಯವರು: ಭಾನುವಾರದ ‘ರಾಮಾಯಣ’, ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’. ಆಗುಂಬೆಯ ಬೀದಿಯಲ್ಲಿ, ಕನ್ನಡದ ಕಲಾವಿದರನ್ನೇ ಇಟ್ಟುಕೊಂಡು ಚಿತ್ರಿಸಿದ ಆ ಕಥೆಗಳನ್ನು ಮಲೆನಾಡಿನ ಮಕ್ಕಳು ದೂರದರ್ಶನದಲ್ಲಿ ನೋಡಿದ್ದು ಹಿಂದಿಯಲ್ಲಿ. ಕನ್ನಡದ ಆ ಇಪ್ಪತ್ತೆರಡೂವರೆ ನಿಮಿಷವನ್ನು ನೋಡಿದ ಮಕ್ಕಳಿಗೆ ಈಗ ಐವತ್ತೈದು ದಾಟಿದೆ. ಅವರ ನೆನಪುಗಳನ್ನು ಕೇಳಿ ದಾಖಲಿಸುವುದಕ್ಕೆ ಈಗಲೂ ಸಮಯವಿದೆ.