ವಿಮಾನಪುರದಿಂದ ಸೋನಮ್ ಪೋಸ್ಟ್‌ವರೆಗೆ

ಸಿಯಾಚಿನ್‌ನ ತುತ್ತತುದಿಯ ಠಾಣೆಗಳಿಗೆ ಚೀತಾ ಹೆಲಿಕಾಪ್ಟರ್ ಒಂದು ಸಲಕ್ಕೆ ಹೊತ್ತೊಯ್ಯುವುದು ಹೆಚ್ಚೆಂದರೆ ಒಂದು ಕ್ಯಾನ್ ಸೀಮೆಎಣ್ಣೆ, ಇಪ್ಪತ್ತು ಲೀಟರಿನ ಆಸುಪಾಸು. ಇಬ್ಬರು ಪೈಲಟ್‌ಗಳು, ನೂರಾರು ಅಶ್ವಶಕ್ತಿಯ ಎಂಜಿನ್, ಸುಟ್ಟ ಇಂಧನದ ಖರ್ಚು ಬೇರೆ. ಇಷ್ಟೆಲ್ಲ ಆದಮೇಲೆ ಅಲ್ಲಿ ಇಳಿಯುವ ಸರಕು ಸೈಕಲ್ ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಹೋಗುವಷ್ಟು! ಲೆಕ್ಕ ತಪಾಸಣೆಯವರಿಗೆ ಇದು ಹುಚ್ಚಾಟವಾಗಿ ಕಂಡೀತು. ಆದರೆ ಆ ಸೀಮೆಎಣ್ಣೆ ತಲುಪದಿದ್ದರೆ ಮೇಲಿರುವವರಿಗೆ ಕುಡಿಯಲು ನೀರೂ ಇಲ್ಲ. ಹಿಮ ಕರಗಿಸಿದರೇ ಅಲ್ಲಿ ನೀರು.

ಈ ಇಕ್ಕಟ್ಟಿನ ಲೆಕ್ಕ ಬೆಂಗಳೂರಿನ ವಿಮಾನಪುರಕ್ಕೆ ಅರ್ಧ ಶತಮಾನದಿಂದ ಪರಿಚಿತ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಅಲ್ಲಿ ಕಟ್ಟಿದ ವಿಮಾನ ಕಾರ್ಖಾನೆಯೇ ಎಚ್‌ಎಎಲ್. ಅದು ತಯಾರಿಸಿದ ಹೆಲಿಕಾಪ್ಟರ್‌ಗಳ ಇತಿಹಾಸವನ್ನು ಸಾಲಾಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ: ಯಾವ ಯಂತ್ರ ಬೇಕು, ಎಂಥದು ಬೇಕು ಎಂದು ಪ್ರತಿ ಸಲವೂ ತೀರ್ಮಾನಿಸಿದ್ದು ಹಿಮಾಲಯವೇ. ಸಮುದ್ರಮಟ್ಟದಿಂದ ಸುಮಾರು 3,000 ಅಡಿಯಷ್ಟೇ ಮೇಲಿರುವ ಊರಿನ ಕಾರ್ಖಾನೆ, 20,000 ಅಡಿಯ ಗಿರಾಕಿಗೆ ಅಳತೆ ತೆಗೆದು ಹೊಲಿಯುತ್ತ ಬಂದಿದೆ.

ಆರಂಭ ಫ್ರಾನ್ಸಿನ ನೆರವಿನಿಂದ. ಸೂದ್ ಏವಿಯಾಸಿಯೋಂ ಕಂಪನಿಯ ಜೊತೆ 1962ರಲ್ಲಿ ಒಪ್ಪಂದವಾಗಿ, ಅವರ ಅಲುಯೆಟ್-3 ಇಲ್ಲಿ ‘ಚೇತಕ್’ ಆಯಿತು. ಅದು ಒಳ್ಳೆಯ ಯಂತ್ರ, ಆದರೆ ಎತ್ತರಕ್ಕೆ ಸ್ವಲ್ಪ ಭಾರ. ಲಡಾಖ್‌ನಂಥ ಕಡೆ ಇನ್ನಷ್ಟು ಮೇಲೇರುವ ಹೆಲಿಕಾಪ್ಟರ್ ಬೇಕೆಂದು ಭಾರತದ ಸೇನೆ ಕೇಳಿತು. 1960ರ ದಶಕದ ಕೊನೆಯಲ್ಲಿ ಫ್ರೆಂಚರು ಕಂಡುಕೊಂಡ ಉಪಾಯ ಸರಳ: ಹಳೆಯ, ಹಗುರವಾದ ಅಲುಯೆಟ್-2ರ ಒಡಲು, ಅದಕ್ಕೆ ಅಲುಯೆಟ್-3ರ ಎಂಜಿನ್, ರೋಟರ್. 1969ರ ಮಾರ್ಚ್‌ನಲ್ಲಿ ಮೊದಲು ಹಾರಿದ ಈ ‘ಲಾಮಾ’ ಅದೇ ವರ್ಷ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು, ಮತ್ತೆ ಎದ್ದು ತೋರಿಸಿತು. ಅದನ್ನು ತಯಾರಿಸಲು ಎಚ್‌ಎಎಲ್‌ಗೆ ಲೈಸೆನ್ಸ್ ಸಿಕ್ಕಿತು. 1972ರಲ್ಲಿ ಬೆಂಗಳೂರಿನಲ್ಲಿ ಅದು ‘ಚೀತಾ’ ಎಂಬ ಹೆಸರಿನಲ್ಲಿ ಹಾರಿತು. ವಂಶಾವಳಿ ಫ್ರೆಂಚ್ ಆದರೂ ಇದು ಭಾರತದ ಬೇಡಿಕೆಯಿಂದಲೇ ಹುಟ್ಟಿದ ಯಂತ್ರ ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ.

ಚೀತಾವನ್ನು ಹತ್ತಿರದಿಂದ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಬಾಲ. ಹೊದಿಕೆಯೇ ಇಲ್ಲ, ಉಕ್ಕಿನ ಕೊಳವೆಗಳನ್ನು ಬೆಸೆದ ಬರಿಯ ಹಂದರ, ತುದಿಯಲ್ಲೊಂದು ಪುಟ್ಟ ರೋಟರ್. ಮುಂದೆ ಗಾಜಿನ ಗುಳ್ಳೆಯಂಥ ಕ್ಯಾಬಿನ್. ಎಂಜಿನ್ ಕೂಡ ಬಯಲಿಗೇ. ಖಾಲಿ ಯಂತ್ರದ ತೂಕ ಒಂದು ಟನ್ನಿಗಿಂತ ತುಸು ಮಾತ್ರ ಹೆಚ್ಚು. ಅದರ ಆರ್ಟೂಸ್ಟ್ ಎಂಜಿನ್ 870 ಅಶ್ವಶಕ್ತಿ ಕೊಡಬಲ್ಲದು, ಆದರೆ ನೆಲಮಟ್ಟದಲ್ಲಿ ಅದನ್ನು 550ಕ್ಕೇ ಹಿಡಿದಿಟ್ಟಿರುತ್ತಾರೆ. ಮೇಲೇರಿದಂತೆ ಎಲ್ಲ ಎಂಜಿನ್‌ಗಳೂ ಸೊರಗುತ್ತವೆ; ಇದಕ್ಕೆ ಮಾತ್ರ ಸೊರಗಲು ಸಾಕಷ್ಟು ಉಳಿತಾಯ ಇರುತ್ತದೆ.

ಸೊರಗುವುದಾದರೂ ಏಕೆ? 18,000 ಅಡಿಗೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಉರಿಸಲು ಗಾಳಿ ಸಾಲದು, ರೋಟರಿನ ಅಲಗುಗಳಿಗೆ ತಳ್ಳಲು ಗಾಳಿ ಸಾಲದು, ಮೂತಿ ತಿರುಗದಂತೆ ಹಿಡಿಯುವ ಬಾಲದ ರೋಟರಿಗೂ ಸಾಲದು. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಹೆಲಿಕಾಪ್ಟರ್ ಪಾಲಿಗೆ ಬೆಟ್ಟವೇ ಇನ್ನಷ್ಟು ಎತ್ತರವಾದಂತೆ. ಕಣಿವೆಗಳಲ್ಲಿ ಗಾಳಿಯ ಹೊಡೆತ ಶುರುವಾಗುವುದೂ ಹೊತ್ತೇರಿದ ಮೇಲೆಯೇ. ಅದಕ್ಕೇ ಹಿಮನದಿಯ ಮೇಲಿನ ಹಾರಾಟಗಳನ್ನು ಆದಷ್ಟು ನಸುಕಿನಲ್ಲೇ ಮುಗಿಸಿಕೊಳ್ಳುತ್ತಾರೆ. ಒಂಟಿಯಾಗಿ ಹೋಗುವಂತಿಲ್ಲ, ಜೋಡಿ ಹೆಲಿಕಾಪ್ಟರ್‌ಗಳು ಹೋಗುತ್ತವೆ, ಒಂದು ಬಿದ್ದರೆ ನೋಡಿಕೊಳ್ಳಲು ಇನ್ನೊಂದು. ಹೆಲಿಪ್ಯಾಡ್ ಮೇಲೆ ಎಂಜಿನ್ ಆಫ್ ಮಾಡುವ ಮಾತೇ ಇಲ್ಲ. ಆ ಚಳಿಯಲ್ಲಿ ಮತ್ತೆ ಹೊತ್ತಿಕೊಳ್ಳದಿದ್ದರೆ? ರೋಟರ್ ತಿರುಗುತ್ತಿರುವಾಗಲೇ ಸೈನಿಕರು ಬಗ್ಗಿ ಓಡಿಬಂದು ಸರಕು ಎಳೆದುಕೊಳ್ಳುತ್ತಾರೆ, ಕಾಯಿಲೆಯವರನ್ನು ಒಳಗೆ ಹತ್ತಿಸುತ್ತಾರೆ. ರೋಟರಿನ ಗಾಳಿಗೆ ಎದ್ದ ಹಿಮದ ಪುಡಿ ಪೈಲಟ್‌ಗೆ ನೆಲವನ್ನೇ ಮರೆಮಾಡುತ್ತದೆ. ಕೆಳಗಿನ ಊರುಗಳಲ್ಲಿ ಮಾಡುವಂತೆ ಗಾಳಿಯಲ್ಲಿ ತೇಲುತ್ತ ನಿಂತು, ನೋಡಿಕೊಂಡು ಇಳಿಯುವಷ್ಟು ಶಕ್ತಿ ಅಲ್ಲಿ ಉಳಿದಿರುವುದಿಲ್ಲ. ನೇರವಾಗಿ ಬಂದು ಕೂರಬೇಕು, ಮೊದಲ ಸಲವೇ ಸರಿಯಾಗಿ.

1978ರಲ್ಲಿ ಕರ್ನಲ್ ನರೇಂದ್ರ ಕುಮಾರ್ ಅವರ ತಂಡ ಸಿಯಾಚಿನ್ ಹತ್ತಿದಾಗ ವಾಯುಪಡೆಯ ಚೇತಕ್ ಅಲ್ಲಿಗೆ ಹೋಗಿ ಗಾಯಾಳುಗಳನ್ನು ಇಳಿಸಿಕೊಂಡು ಬಂತು. ಆರು ವರ್ಷಗಳ ನಂತರ, 1984ರ ಏಪ್ರಿಲ್ 13ರಂದು, ಸಿಯಾಚಿನ್ ಹಿಡಿಯುವ ಆಪರೇಷನ್ ಮೇಘದೂತ್ ಶುರುವಾದದ್ದು ಹೆಲಿಕಾಪ್ಟರ್‌ಗಳು ಸೈನಿಕರನ್ನು ಬಿಲಾಫೋಂಡ್ ಲಾ ಕಣಿವೆಮಾರ್ಗದ ಬಳಿ ಇಳಿಸುವುದರೊಂದಿಗೆ. ಅಂದಿನಿಂದ ಆ ಹಾರಾಟ ನಿಂತಿಲ್ಲ. ಲೇಹ್‌ನ 114ನೇ ಹೆಲಿಕಾಪ್ಟರ್ ಘಟಕಕ್ಕೆ ‘ಸಿಯಾಚಿನ್ ಪಯೊನಿಯರ್ಸ್’ ಎಂಬ ಹೆಸರು ಬಂದದ್ದು ಈ ಸೇವೆಯಿಂದ. 1986ರಲ್ಲಿ ಭೂಸೇನೆಯ ಸ್ವಂತ ಏವಿಯೇಷನ್ ಕೋರ್ ಹುಟ್ಟಿತು. ಅದರ ಪೈಲಟ್‌ಗಳೂ ಇದೇ ಚೀತಾಗಳಲ್ಲಿ ಇದೇ ದಾರಿ ಹಿಡಿದರು. ವಿಚಿತ್ರವೆಂದರೆ ಹಿಮದ ಆಚೆ ಬದಿಯಲ್ಲಿ ಪಾಕಿಸ್ತಾನದ ಸೇನೆ ಹಾರಿಸುತ್ತ ಬಂದದ್ದೂ ಲಾಮಾವನ್ನೇ. 2005ರ ಆಗಸ್ಟ್‌ನಲ್ಲಿ ನಂಗಾ ಪರ್ಬತ್‌ನ ಗೋಡೆಯಲ್ಲಿ ಸಿಕ್ಕಿಬಿದ್ದಿದ್ದ ಸ್ಲೊವೇನಿಯಾದ ಆರೋಹಿ ತೊಮಾಜ್ ಹುಮಾರ್ ಅವರನ್ನು ಪಾಕ್ ಸೇನೆಯ ಪೈಲಟ್ ರಶೀದ್ ಉಲ್ಲಾ ಬೇಗ್ ಲಾಮಾದಿಂದ ಹಗ್ಗ ಇಳಿಬಿಟ್ಟು ಎತ್ತಿದರು.

ಭಾರದ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ನೇಪಾಳದ ಒಂದು ಘಟನೆ ಸಾಕು. 1996ರ ಮೇ 13ರಂದು ನೇಪಾಳ ಸೇನೆಯ ಮದನ್ ಖತ್ರಿ ಛೆತ್ರಿ, ಎವರೆಸ್ಟ್‌ನ ಖುಂಬು ಐಸ್‌ಫಾಲ್‌ನ ಮೇಲೆ, 19,000 ಅಡಿ ದಾಟಿದ ಜಾಗಕ್ಕೆ ಹೆಲಿಕಾಪ್ಟರ್ ಒಯ್ದರು. ಕಾಯುತ್ತಿದ್ದವರು ಇಬ್ಬರು: ಹಿಮಹುಣ್ಣಿನಿಂದ ಕೈಕಾಲು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ತೈವಾನ್‌ನ ಮಕಾಲು ಗೌ ಮತ್ತು ಅಮೆರಿಕದ ಬೆಕ್ ವೆದರ್ಸ್. ಇಬ್ಬರನ್ನೂ ಒಟ್ಟಿಗೆ ಎತ್ತಲು ಸಾಧ್ಯವಿರಲಿಲ್ಲ. ಮೊದಲು ಗೌ ಅವರನ್ನು ಕೆಳಗಿಳಿಸಿ, ಮತ್ತೆ ಅದೇ ಜಾಗಕ್ಕೆ ಬಂದು ವೆದರ್ಸ್ ಅವರನ್ನು ಕರೆದೊಯ್ದರು. ಒಮ್ಮೆ ಬಚಾವಾದ ಜಾಗಕ್ಕೆ ಕೂಡಲೇ ಎರಡನೇ ಸಲ ಹೋಗುವುದಿದೆಯಲ್ಲ, ಅದು ದಾಖಲೆ ಪುಸ್ತಕಕ್ಕೆ ಸಿಗುವ ಧೈರ್ಯವಲ್ಲ. 2005ರ ಮೇ 14ರಂದು ಫ್ರೆಂಚ್ ಪೈಲಟ್ ದಿದಿಯೇ ದೆಲ್ಸಾಲ್ ಎವರೆಸ್ಟ್ ಶಿಖರದ ಮೇಲೇ ಹೆಲಿಕಾಪ್ಟರ್ ಇಳಿಸಿ 3 ನಿಮಿಷ 50 ಸೆಕೆಂಡು ನಿಂತದ್ದು ಜಗತ್ತಿಗೆಲ್ಲ ಗೊತ್ತು. ಅದಕ್ಕೂ ಆರು ತಿಂಗಳು ಮೊದಲು, ಹೊಸ ಎಂಜಿನ್ ಕೂರಿಸಿದ ಚೀತಾ, ಅಂದರೆ ಎಚ್‌ಎಎಲ್‌ನ ‘ಚೀತಲ್’, ಸಾಸೆರ್ ಕಾಂಗ್ರಿಯಲ್ಲಿ 7,070 ಮೀಟರ್ ಎತ್ತರದಲ್ಲಿ ಇಳಿದಿತ್ತು. ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ.

ಕನ್ನಡಿಗರ ಮನೆಮನೆಗೂ ಸಿಯಾಚಿನ್ ಬಂದು ತಲುಪಿದ್ದು 2016ರ ಫೆಬ್ರವರಿಯಲ್ಲಿ. 3ನೇ ತಾರೀಖು ಸೋನಮ್ ಪೋಸ್ಟ್ ಮೇಲೆ ಹಿಮದ ರಾಶಿ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಹಿಮ ಕೊರೆಯುವ ಯಂತ್ರ, ಗರಗಸ, ರಾಡಾರ್, ವಾಸನೆ ಹಿಡಿಯುವ ನಾಯಿಗಳು, ಎಲ್ಲವೂ ಸುಮಾರು 19,600 ಅಡಿಗೆ ಹೋಗಬೇಕಿತ್ತು. ಹೆಲಿಕಾಪ್ಟರ್‌ಗಳ ಹೊರತು ಬೇರೆ ದಾರಿಯಿರಲಿಲ್ಲ. 8ರಂದು ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಮರುದಿನ ಹೆಲಿಕಾಪ್ಟರಿನಲ್ಲಿ ಕೆಳಗೆ ತಂದು, ಥೊಯಿಸ್ ವಾಯುನೆಲೆಯಿಂದ ವಿಮಾನದಲ್ಲಿ ದೆಹಲಿಗೆ ಸಾಗಿಸಿದರು. 11ರಂದು ಅವರು ತೀರಿಕೊಂಡರು.

ಇನ್ನೊಂದು ಪ್ರಸಂಗ ಕಾರ್ಖಾನೆಯ ಮೆಕ್ಯಾನಿಕ್‌ಗಳಿಗೆ ಇಷ್ಟವಾಗುವಂಥದು. 2018ರ ಜನವರಿಯಲ್ಲಿ ಸೇನೆಯ ಧ್ರುವ್ ಒಂದು ಖಂಡಾ ಹೆಲಿಪ್ಯಾಡ್ ಬಳಿ, ಸುಮಾರು 18,000 ಅಡಿ ಎತ್ತರದಲ್ಲಿ, ಕೆಟ್ಟು ಮೆತ್ತನೆಯ ಹಿಮದಲ್ಲಿ ಕೂತುಬಿಟ್ಟಿತು. ಅದನ್ನು ಅಲ್ಲೇ ರಿಪೇರಿ ಮಾಡಿ, ಹಾರಿಸಿಕೊಂಡೇ ಬೇಸ್ ಕ್ಯಾಂಪಿಗೆ ತರುವ ಹೊತ್ತಿಗೆ ಜುಲೈ ಬಂದಿತ್ತು. ಕೈಗವಸು ತೆಗೆದರೆ ಬೆರಳು ಹೋಗುವ ಚಳಿಯಲ್ಲಿ ನಟ್ಟು ಬಿಗಿಯುವುದೆಂದರೇನು ಎಂಬುದನ್ನು ಬೆಂಗಳೂರಿನ ಹ್ಯಾಂಗರಿನಲ್ಲಿ ನಿಂತು ಊಹಿಸುವುದು ಕಷ್ಟ.

ಆ ಧ್ರುವ್ ಕೂಡ ವಿಮಾನಪುರದ ಕೂಸೇ. 1992ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ಮುಂದೆ ಫ್ರಾನ್ಸಿನ ಟರ್ಬೊಮೆಕಾ ಜೊತೆ ರೂಪಿಸಿದ ‘ಶಕ್ತಿ’ ಎಂಜಿನ್ ಬಂದ ಮೇಲೆ ಎತ್ತರದಲ್ಲಿ ಅದರ ಕೈ ಮೇಲಾಯಿತು. 1999ರ ಕಾರ್ಗಿಲ್ ಯುದ್ಧ ಇನ್ನೊಂದು ಕೊರತೆ ತೋರಿಸಿಕೊಟ್ಟಿತು: ದಾಳಿಗೆ ಬಳಸಿದ ಎಂಐ-17 ಒಂದು ಮೇ 28ರಂದು ಉರುಳಿಬಿತ್ತು, ಆ ಎತ್ತರದಲ್ಲಿ ಹೋರಾಡಲೆಂದೇ ಮಾಡಿದ ಹೆಲಿಕಾಪ್ಟರ್ ನಮ್ಮಲ್ಲಿರಲಿಲ್ಲ. ಅದರಿಂದ ಹುಟ್ಟಿದ ಲಘು ಯುದ್ಧ ಹೆಲಿಕಾಪ್ಟರ್ 2010ರಲ್ಲಿ ಹಾರಿತು, 2015ರಲ್ಲಿ ಸಿಯಾಚಿನ್‌ನಲ್ಲಿ ಇಳಿಯಿತು, 2022ರ ಅಕ್ಟೋಬರ್‌ನಲ್ಲಿ ‘ಪ್ರಚಂಡ್’ ಹೆಸರಿನಲ್ಲಿ ವಾಯುಪಡೆ ಸೇರಿತು.

ಚೀತಾದ ಜಾಗ ತುಂಬಬೇಕಾದದ್ದು ಎಚ್‌ಎಎಲ್‌ನ ಲಘು ಉಪಯೋಗಿ ಹೆಲಿಕಾಪ್ಟರ್, ಎಲ್‌ಯುಎಚ್. 2016ರ ಸೆಪ್ಟೆಂಬರ್‌ನಲ್ಲಿ ಹಾರಿ, 2019ರಲ್ಲಿ ಲೇಹ್‌ನ ಬೇಸಿಗೆಯಲ್ಲೂ 2020ರಲ್ಲಿ ಸಿಯಾಚಿನ್‌ನ ಹೆಲಿಪ್ಯಾಡ್‌ಗಳಲ್ಲೂ ಪರೀಕ್ಷೆ ಕೊಟ್ಟಿದೆ. ಅದನ್ನು ತಯಾರಿಸಲೆಂದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕೆಲಸ ಅಂದುಕೊಂಡಷ್ಟು ಬೇಗ ಸಾಗಿಲ್ಲ ಎನ್ನುವುದನ್ನು ಮುಚ್ಚಿಡಬೇಕಿಲ್ಲ. 1960ರ ದಶಕದ ನಕ್ಷೆಯ ಯಂತ್ರವನ್ನು ಇಷ್ಟು ವರ್ಷ ಹಾರಿಸಿಕೊಂಡು ಬಂದದ್ದರಲ್ಲಿ ಪೈಲಟ್‌ಗಳ, ತಂತ್ರಜ್ಞರ ಹೆಗ್ಗಳಿಕೆ ಎಷ್ಟಿದೆಯೋ ಯೋಜನೆ ಮಾಡುವವರ ತಡವೂ ಅಷ್ಟೇ ಇದೆ. ಎಚ್‌ಎಎಲ್ ತಯಾರಿಸಿದ 250ಕ್ಕೂ ಹೆಚ್ಚು ಚೀತಾಗಳಲ್ಲಿ ಉಳಿದವುಗಳಿಗೆ ಬಿಡಿಭಾಗ ಹೊಂದಿಸುವ, ಓವರ್‌ಹಾಲ್ ಮಾಡಿ ಕಳಿಸುವ ಕೆಲಸ ಹೊಸ ಕಾರ್ಖಾನೆಯ ಕೆಲಸದ ಜೊತೆಜೊತೆಗೇ ನಡೆಯಬೇಕಾಗಿದೆ.