ಬೇಡದ ಡೊಮೈನ್ ನವೀಕರಣ, ಕೇಳದ ವರ್ಗಾವಣೆ: ಹೆಸರಿನ ಹಿಡಿತ ಯಾರ ಕೈಯಲ್ಲಿದೆ?

ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಜಾತ್ರೆಯ ಮಾಹಿತಿ ನೀಡಲೆಂದು ಉತ್ಸಾಹಿಗಳು ಜಾಲತಾಣ ತೆರೆದು ಅದಕ್ಕೊಂದು ಡೊಮೈನ್ ಹೆಸರು ಪಡೆದರೆನ್ನಿ, ಆ ಹೆಸರಿನ ಶುಲ್ಕ ಜಾತ್ರೆ ಬರಲೆಂದು ಕಾಯುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಕಾರ್ಡಿನಿಂದ ಹಣ ತಾನಾಗಿ ಕಡಿತವಾಗುತ್ತದೆ. ಮೊದಲ ವರ್ಷ ಕೊಟ್ಟದ್ದು ರಿಯಾಯಿತಿ ದರವಾಗಿದ್ದರೆ ಎರಡನೆಯ ವರ್ಷ ಪೂರ್ಣ ದರ. ಜೊತೆಗೆ ಇ-ಮೇಲ್, ಖಾಸಗಿತನ ರಕ್ಷಣೆ ಮುಂತಾದ ಉಪಸೇವೆಗಳ ಬಿಲ್ಲು ಬೇರೆ.

ಹೊಸನಗರ ತಾಲ್ಲೂಕಿನ ನಗರದ ಕೋಟೆ ನೋಡಲು ಬರುವವರನ್ನು ನೆಚ್ಚಿದ ಹೋಂಸ್ಟೇ, ತೀರ್ಥಹಳ್ಳಿ ಕಡೆಯ ಸಹಕಾರ ಸಂಘ, ರಂಗತಂಡ, ಶಾಲೆಯ ಹಳೆ ವಿದ್ಯಾರ್ಥಿ ಸಂಘ ಇವೆಲ್ಲಕ್ಕೂ ಇಂದು ಒಂದು ಜಾಲತಾಣ, ಒಂದು ಹೆಸರು ಇರುವುದು ಸಾಮಾನ್ಯ. ಬೇಡವಾದ ಹೆಸರು ನವೀಕರಣಗೊಂಡು ಹಣ ಹೋಗುವುದು ಒಂದು ತೊಂದರೆಯಾದರೆ, ಬೇಕಾದ ಹೆಸರು ನವೀಕರಣಗೊಳ್ಳದೆ ಕೈತಪ್ಪುವುದು ಅದಕ್ಕಿಂತ ದೊಡ್ಡ ತೊಂದರೆ. ಎರಡೂ ಒಂದೇ ಗುಂಡಿಯ ಆಟ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್.ಕಾಂ ಹೆಸರಿನ ಶುಲ್ಕ ಕಟ್ಟಲು ಮರೆತು, ಹಾಟ್‌ಮೇಲ್ ಬಳಕೆದಾರರು ತಮ್ಮ ಅಂಚೆಪೆಟ್ಟಿಗೆ ತೆರೆಯಲಾಗದೆ ಪರದಾಡಿದ್ದರು. ಕೊನೆಗೆ ಅಮೆರಿಕದ ಪ್ರೋಗ್ರಾಮರ್ ಒಬ್ಬರು ಕೈಯಿಂದ 35 ಡಾಲರ್ ಕಟ್ಟಿದ ಮೇಲೆ ಸೇವೆ ಸರಿಹೋಯಿತು.

ಗೇಣಿಯೇ ಹೊರತು ಒಡೆತನವಲ್ಲ

ಡೊಮೈನ್ ಹೆಸರನ್ನು ‘ಕೊಂಡುಕೊಂಡೆವು’ ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಅದು ಅವಧಿಗೆ ಪಡೆದ ಗೇಣಿ. ಒಮ್ಮೆಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸೀಮೆಯವರಿಗೆ ಗೇಣಿಯ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ 1974ರ ಭೂಸುಧಾರಣೆಯಂತೆ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡುವ ಕಾನೂನು ಅಂತರ್ಜಾಲದಲ್ಲಿ ಬಂದಿಲ್ಲ. ಇಪ್ಪತ್ತು ವರ್ಷ ತಪ್ಪದೆ ಶುಲ್ಕ ಕಟ್ಟಿದ ಹೆಸರೂ ಒಂದು ವರ್ಷ ಕಟ್ಟದಿದ್ದರೆ ಪರರ ಪಾಲಾಗಬಹುದು.

ಈ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಮೂಲ ದಾಖಲೆಯನ್ನು ಇಟ್ಟುಕೊಂಡಿರುವುದು ರಿಜಿಸ್ಟ್ರಿ. .ಕಾಂ ಹೆಸರುಗಳಿಗೆ ವೆರಿಸೈನ್ ಕಂಪನಿ, .ಇನ್ ಹೆಸರುಗಳಿಗೆ 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆ ರಿಜಿಸ್ಟ್ರಿಗಳು. ಅದರ ಕೆಳಗೆ ಜನರಿಗೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಗಳು. ಕೊನೆಯಲ್ಲಿ ಹೆಸರು ಪಡೆದವರು. ನಮ್ಮ ಊರುಗಳಲ್ಲಿ ನಾಲ್ಕನೆಯವರೊಬ್ಬರು ಇರುತ್ತಾರೆ: ಜಾಲತಾಣ ಮಾಡಿಕೊಟ್ಟವರು. ಬಹುಪಾಲು ತೊಡಕು ಹುಟ್ಟುವುದು ಇಲ್ಲಿಯೇ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವ ವಿನ್ಯಾಸಕಾರರು ಕೆಲಸ ಸುಲಭವಾಗಲೆಂದು ಹೆಸರನ್ನು ತಮ್ಮದೇ ಖಾತೆಯಲ್ಲಿ, ತಮ್ಮದೇ ಇ-ಮೇಲ್ ವಿಳಾಸ ಕೊಟ್ಟು ನೋಂದಾಯಿಸಿರುತ್ತಾರೆ. ಸಂಘದ ಕಾರ್ಯದರ್ಶಿ ತಮ್ಮ ಸ್ವಂತ ವಿಳಾಸ ಕೊಟ್ಟಿರುವುದೂ ಉಂಟು. ಕಾರ್ಯದರ್ಶಿ ನಿವೃತ್ತರಾದ ಮೇಲೆ ನವೀಕರಣದ ಸೂಚನೆ ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹಕ್ಕುದಾರರು. ಹಣ ಕಟ್ಟಿದ ರಸೀದಿ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

ಆದ್ದರಿಂದ ನವೀಕರಣವನ್ನು ನಿಲ್ಲಿಸಬೇಕೇ ಬೇಡವೇ ಎಂಬುದಕ್ಕೆ ಮೊದಲು ಹೆಸರು ಯಾರ ಖಾತೆಯಲ್ಲಿದೆ ಎಂಬುದನ್ನು ತಿಳಿಯುವುದು ಅಗತ್ಯ. ಜಾಗತಿಕ ಮೇಲ್ವಿಚಾರಣಾ ಸಂಸ್ಥೆಯಾದ ಐಕ್ಯಾನ್‌ನ ತಾಣದಲ್ಲಿ .ಕಾಂನಂತಹ ಹೆಸರಿನ ರಿಜಿಸ್ಟ್ರಾರ್ ಯಾರು, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2018ರಿಂದೀಚೆಗೆ ಹೆಸರುದಾರರ ವಿವರವನ್ನು ಸಾಮಾನ್ಯವಾಗಿ ಮರೆಮಾಡಲಾಗುತ್ತಿದೆ. ಹಾಗಾಗಿ ಅದನ್ನು ಖಾತೆಯ ಒಳಹೊಕ್ಕೇ ನೋಡಬೇಕು. ಖಾತೆಯೊಳಗೆ ಹೋಗಲು ಸಾಧ್ಯವಿಲ್ಲ ಎಂಬ ಉತ್ತರ ಬಂದರೆ, ಹೆಸರು ನಿಮ್ಮ ಹಿಡಿತದಲ್ಲಿಲ್ಲ ಎಂದೇ ಅರ್ಥ.

ಕಡಿತವಾದ ಹಣ ಮರಳಿ ಬರುವುದೇ?

‘ಒಮ್ಮೆ ನವೀಕರಣವಾದರೆ ಮುಗಿಯಿತು, ಹಣ ವಾಪಸಿಲ್ಲ’ ಎಂಬ ಉತ್ತರ ಗ್ರಾಹಕರಿಗೆ ಹೆಚ್ಚಾಗಿ ಸಿಗುತ್ತದೆ. ಇದು ಪೂರ್ಣ ಸತ್ಯವಲ್ಲ. .ಕಾಂ ಹೆಸರಿನ ಅವಧಿ ಮುಗಿದ ಕ್ಷಣ ರಿಜಿಸ್ಟ್ರಿಯೇ ಅದನ್ನು ಒಂದು ವರ್ಷಕ್ಕೆ ತಾನಾಗಿ ಮುಂದುವರಿಸುತ್ತದೆ. ಆ ಬಳಿಕ 45 ದಿನಗಳ ರಿಯಾಯಿತಿ ಅವಧಿ ಇರುತ್ತದೆ. ಅಷ್ಟರೊಳಗೆ ರಿಜಿಸ್ಟ್ರಾರ್ ಆ ಹೆಸರನ್ನು ಅಳಿಸಿದರೆ ರಿಜಿಸ್ಟ್ರಿಯು ಶುಲ್ಕವನ್ನು ರಿಜಿಸ್ಟ್ರಾರ್‌ಗೆ ಹಿಂದಿರುಗಿಸುತ್ತದೆ. ಅವಧಿ ಮುಗಿಯುವ ಮೊದಲೇ ಮುಂಗಡವಾಗಿ ನವೀಕರಿಸಿದ್ದರೆ ಈ ಅವಕಾಶ ಐದೇ ದಿನ. ಬಹಳಷ್ಟು ರಿಜಿಸ್ಟ್ರಾರ್‌ಗಳು ಅವಧಿಗೆ ಮುನ್ನವೇ ಹಣ ಪಡೆಯುತ್ತಾರೆ ಎಂಬುದನ್ನು ಮರೆಯಬಾರದು. ಮೇಲಿನಿಂದ ಮರಳಿದ ಹಣವನ್ನು ಗ್ರಾಹಕರಿಗೆ ಕೊಡಬೇಕೇ ಎಂಬುದು ಆಯಾ ರಿಜಿಸ್ಟ್ರಾರ್‌ನ ಒಪ್ಪಂದಕ್ಕೆ ಬಿಟ್ಟದ್ದು. ಆದರೂ ಕಡಿತದ ಸಂದೇಶ ಬಂದ ದಿನವೇ ಲಿಖಿತವಾಗಿ ಕೇಳುವವರಿಗೂ ತಿಂಗಳ ನಂತರ ಕೇಳುವವರಿಗೂ ಸಿಗುವ ಫಲ ಒಂದೇ ಆಗಿರುವುದಿಲ್ಲ.

ಹಣ ಮರಳಿ ಪಡೆಯುವುದೆಂದರೆ ಹೆಸರನ್ನು ಬಿಟ್ಟುಕೊಡುವುದು ಎಂದೇ ಅರ್ಥ. ಅಳಿಸಿದ ಹೆಸರು 30 ದಿನಗಳ ವಿಮೋಚನಾ ಅವಧಿಗೆ ಹೋಗುತ್ತದೆ. ಆಗ ಅದನ್ನು ಮರಳಿ ಪಡೆಯಲು ನವೀಕರಣ ಶುಲ್ಕದ ಮೇಲೆ ದುಬಾರಿ ದಂಡ ತೆರಬೇಕು. ನಂತರ ಐದು ದಿನಗಳ ಕಾಯುವಿಕೆ ಮುಗಿದರೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ.

ಸಿಟ್ಟಿನಲ್ಲಿ ಬ್ಯಾಂಕಿಗೆ ದೂರು ಕೊಟ್ಟು ಕಾರ್ಡ್ ಪಾವತಿಯನ್ನೇ ಹಿಂದಕ್ಕೆ ಎಳೆಸುವವರಿದ್ದಾರೆ. ಇದು ಕೊನೆಯ ಅಸ್ತ್ರವಾಗಿರಲಿ. ಹೀಗೆ ಹಿಂದೆಳೆದ ಪಾವತಿಯನ್ನು ಐಕ್ಯಾನ್ ನಿಯಮಗಳು ಬಾಕಿ ಎಂದೇ ಪರಿಗಣಿಸುತ್ತವೆ ಮತ್ತು ಬಾಕಿಯ ಕಾರಣಕ್ಕೆ ಹೆಸರಿನ ವರ್ಗಾವಣೆಯನ್ನು ತಡೆಯಲು ರಿಜಿಸ್ಟ್ರಾರ್‌ಗೆ ಅವಕಾಶವಿದೆ. ಅದೇ ಖಾತೆಯಲ್ಲಿ ಬೇಕಾದ ಬೇರೆ ಹೆಸರುಗಳೂ ಇದ್ದರೆ ಖಾತೆ ಸ್ಥಗಿತಗೊಂಡು ಅವುಗಳಿಗೂ ತೊಂದರೆ ತಪ್ಪಿದ್ದಲ್ಲ.

ರಿಸರ್ವ್ ಬ್ಯಾಂಕಿನ ನಿಯಮ

ಭಾರತದ ಕಾರ್ಡ್‌ದಾರರಿಗೆ 2021ರ ಅಕ್ಟೋಬರ್ 1ರಿಂದ ಒಂದು ರಕ್ಷಣೆ ದೊರೆತಿದೆ. ಇ-ಮ್ಯಾಂಡೇಟ್ ಎಂಬ ಈ ವ್ಯವಸ್ಥೆಯಲ್ಲಿ, ಮರುಕಳಿಸುವ ಪಾವತಿಗೆ ಗ್ರಾಹಕರು ಮೊದಲು ಸ್ಪಷ್ಟ ಒಪ್ಪಿಗೆ ಕೊಟ್ಟಿರಬೇಕು. ಹಣ ಕಡಿತಗೊಳಿಸುವ 24 ಗಂಟೆ ಮೊದಲಾದರೂ ಬ್ಯಾಂಕು ಸೂಚನೆ ಕಳುಹಿಸಬೇಕು, ಆ ಸೂಚನೆಯಲ್ಲೇ ನಿರಾಕರಿಸುವ ಅವಕಾಶವನ್ನೂ ನೀಡಬೇಕು. ಒಟಿಪಿ ಇಲ್ಲದೆ ಕಡಿತ ಮಾಡಬಹುದಾದ ಮೊತ್ತದ ಮಿತಿಯನ್ನು 2022ರ ಜೂನ್‌ನಲ್ಲಿ 5,000 ರೂಪಾಯಿಯಿಂದ 15,000 ರೂಪಾಯಿಗೆ ಏರಿಸಲಾಯಿತು. ಸಾಮಾನ್ಯ ಡೊಮೈನ್ ಶುಲ್ಕ ಈ ಮಿತಿಯೊಳಗೇ ಬರುವುದರಿಂದ ಆ 24 ಗಂಟೆಯ ಸೂಚನೆಯೇ ಮುಖ್ಯ. ಮಳೆಗಾಲದಲ್ಲಿ ವಿದ್ಯುತ್ ಹೋದೊಡನೆ ಮೊಬೈಲ್ ಸಿಗ್ನಲ್ ಕೂಡ ಮಾಯವಾಗುವ ಮಲೆನಾಡಿನ ಹಳ್ಳಿಗಳಲ್ಲಿ ಆ ಸಂದೇಶ ಕಡಿತವಾದ ಮೇಲೆ ತಲುಪಿದರೂ ಆಶ್ಚರ್ಯವಿಲ್ಲ. ಸೂಚನೆಗೆ ಕಾಯದೆ ಬ್ಯಾಂಕಿನ ಆ್ಯಪ್‌ನಲ್ಲಿ ಮ್ಯಾಂಡೇಟ್‌ಗಳ ಪಟ್ಟಿ ನೋಡಿ ಬೇಡದ್ದನ್ನು ರದ್ದು ಮಾಡುವುದು ಲೇಸು.

ಆದರೆ ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದು ಮಾಡಿದ ಮಾತ್ರಕ್ಕೆ ರಿಜಿಸ್ಟ್ರಾರ್ ಖಾತೆಯ ಸ್ವಯಂ ನವೀಕರಣ ನಿಲ್ಲುವುದಿಲ್ಲ. ಅಲ್ಲಿ ಇನ್ನೊಂದು ಕಾರ್ಡ್ ಅಥವಾ ಮುಂಗಡ ಹಣ ಇದ್ದರೆ ಅದರಿಂದ ಕಡಿತವಾಗಬಹುದು. ಎರಡೂ ಕಡೆ ನಿಲ್ಲಿಸಬೇಕು, ಉಪಸೇವೆಗಳನ್ನು ಒಂದೊಂದಾಗಿ ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ಬಂದ ಇ-ಮೇಲ್ ಕಾಪಿಡಬೇಕು. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. 2021ರ ನಿಯಮ ಜಾರಿಯಾದಾಗ ವಿದೇಶಿ ಕಂಪನಿಗಳಿಗೆ ಭಾರತದ ಕಾರ್ಡ್‌ಗಳಿಂದ ಹೋಗುತ್ತಿದ್ದ ಅನೇಕ ಸ್ವಯಂ ಪಾವತಿಗಳು ನಿಂತುಹೋದವು. ‘ಆಟೋ ರಿನ್ಯೂವಲ್ ಆನ್’ ಎಂದು ತೋರಿಸುವ ಖಾತೆಯಲ್ಲೂ ಪಾವತಿ ವಿಫಲವಾಗಬಹುದು. ಬೇಕೇ ಬೇಕಾದ ಹೆಸರಿಗೆ ಐದು ವರ್ಷ, ಹತ್ತು ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟುವುದು ಇದಕ್ಕೆ ಸರಳ ಪರಿಹಾರ.

2013ರ ಆಗಸ್ಟ್ 31ರಂದು ಜಾರಿಗೆ ಬಂದ ಐಕ್ಯಾನ್ ನೀತಿಯಂತೆ, ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಹಾಗೂ ಒಂದು ವಾರ ಮೊದಲು ರಿಜಿಸ್ಟ್ರಾರ್ ಜ್ಞಾಪನೆ ಕಳುಹಿಸಲೇಬೇಕು. ಮುಗಿದ ಐದು ದಿನದೊಳಗೆ ಮತ್ತೊಮ್ಮೆ ಕಳುಹಿಸಬೇಕು. ದಾಖಲೆಯಲ್ಲಿನ ಇ-ಮೇಲ್ ಸರಿಯಿದ್ದರೆ ಮಾತ್ರ ಇದರ ಪ್ರಯೋಜನ.

ಕೇಳದೆಯೇ ನಡೆಯುವ ವರ್ಗಾವಣೆ

ಜ್ಞಾಪನೆಯ ವೇಷದಲ್ಲಿ ವಂಚನೆಯೂ ಬರುತ್ತದೆ. ‘ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಹೆಸರಿನಲ್ಲಿ ಬಿಲ್ಲಿನಂತೆಯೇ ಕಾಣುವ ಅಂಚೆಪತ್ರಗಳು ವರ್ಷಗಟ್ಟಲೆ ಹೆಸರುದಾರರ ಮನೆ ತಲುಪಿದವು. ನವೀಕರಣದ ಶುಲ್ಕವೆಂದು ನಂಬಿ ಹಣ ಕಳುಹಿಸಿದವರು ವಾಸ್ತವದಲ್ಲಿ ತಮ್ಮ ಹೆಸರನ್ನು ಹೆಚ್ಚಿನ ದರದ ಇನ್ನೊಂದು ಕಂಪನಿಗೆ ವರ್ಗಾಯಿಸಲು ಒಪ್ಪಿಗೆ ಕೊಟ್ಟಿದ್ದರು. 2003ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದರ ವಿರುದ್ಧ ಕ್ರಮ ಕೈಗೊಂಡಿತು. ಸಂಬಂಧಿಸಿದ ರಿಜಿಸ್ಟ್ರಾರ್ ಅನ್ನು ಐಕ್ಯಾನ್ 2014ರಲ್ಲಿ ಅಮಾನತು ಮಾಡಿತು. ತಂತ್ರ ಮಾತ್ರ ಇನ್ನೂ ಸತ್ತಿಲ್ಲ. ಬಿಲ್ಲು ಕಳುಹಿಸಿದ ಕಂಪನಿಯ ಹೆಸರೂ ಐಕ್ಯಾನ್ ತಾಣದಲ್ಲಿ ಕಾಣುವ ರಿಜಿಸ್ಟ್ರಾರ್ ಹೆಸರೂ ಹೊಂದದಿದ್ದರೆ ಅಂಥದ್ದನ್ನು ಕಸದ ಬುಟ್ಟಿಗೆ ಹಾಕಬಹುದು.

ಇನ್ನೂ ಗಂಭೀರ ಪ್ರಕರಣ 2005ರ ಜನವರಿಯದು. ನ್ಯೂಯಾರ್ಕ್‌ನ ಹಳೆಯ ಅಂತರ್ಜಾಲ ಸೇವಾ ಸಂಸ್ಥೆ ಪ್ಯಾನಿಕ್ಸ್‌ನ ಹೆಸರು ವಾರಾಂತ್ಯದಲ್ಲಿ ಅದರ ಅರಿವಿಗೇ ಬಾರದೆ ಆಸ್ಟ್ರೇಲಿಯಾದ ರಿಜಿಸ್ಟ್ರಾರ್‌ಗೆ ವರ್ಗಾವಣೆಯಾಗಿ, ಗ್ರಾಹಕರ ಇ-ಮೇಲ್ ಅನ್ಯರ ಕಡೆ ತಿರುಗಿತು. ಹೆಸರು ಮರಳಿ ಬಂದರೂ ಆ ನಡುವಿನ ಅಂಚೆ ಹೋಯಿತು.

ಇಂತಹ ವರ್ಗಾವಣೆ ಹೇಗೆ ಸಾಧ್ಯ? .ಕಾಂನಂತಹ ಹೆಸರು ವರ್ಗಾಯಿಸಲು ಬೇಕಾದದ್ದು ಎರಡು: ಬೀಗ ತೆರೆದಿರಬೇಕು ಮತ್ತು ಹಳೆಯ ರಿಜಿಸ್ಟ್ರಾರ್ ಕೊಡುವ ಗುಪ್ತ ಸಂಕೇತ ಗೊತ್ತಿರಬೇಕು. ಆ ಬಳಿಕ ಹಳೆಯ ರಿಜಿಸ್ಟ್ರಾರ್ ಹೆಸರುದಾರರಿಗೆ ತಿಳಿಸಿ ಐದು ದಿನ ಕಾಯುತ್ತದೆ. ಆ ಐದು ದಿನದಲ್ಲಿ ಯಾರೂ ಆಕ್ಷೇಪಿಸದಿದ್ದರೆ ಮೌನವೇ ಸಮ್ಮತಿ. ಹಾಗಾಗಿ ಖಾತೆಯಲ್ಲಿ ಬೀಗ ಹಾಕಿರುವುದನ್ನು ಖಚಿತಪಡಿಸಿಕೊಳ್ಳಬೇಕು ಮತ್ತು ಸಂಕೇತವನ್ನು ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಾರದು. ಅಕ್ರಮ ವರ್ಗಾವಣೆ ನಡೆದೇ ಹೋದರೆ ಹಳೆಯ ರಿಜಿಸ್ಟ್ರಾರ್‌ಗೆ ತಕ್ಷಣ ದೂರು ನೀಡಬೇಕು. ವರ್ಗಾವಣೆಯ ವಿವಾದವನ್ನು ಐಕ್ಯಾನ್ ವ್ಯವಸ್ಥೆಯಲ್ಲಿ ಹೂಡುವ ಅಧಿಕಾರ ಇರುವುದು ರಿಜಿಸ್ಟ್ರಾರ್‌ಗೆ, ಹೆಸರುದಾರರಿಗೆ ನೇರವಾಗಿ ಇಲ್ಲ.

ರಿಜಿಸ್ಟ್ರಾರ್ ಕಂಪನಿಯೇ ಮಾರಾಟವಾದರೆ? 2023ರಲ್ಲಿ ಗೂಗಲ್ ತನ್ನ ಡೊಮೈನ್ ವ್ಯವಹಾರವನ್ನು ಸ್ಕ್ವೇರ್‌ಸ್ಪೇಸ್‌ಗೆ ಮಾರಿದಾಗ ಸುಮಾರು ಒಂದು ಕೋಟಿ ಹೆಸರುಗಳು ಒಟ್ಟಾಗಿ ಕೈ ಬದಲಾಯಿಸಿದವು. ಇದಕ್ಕೆ ಪ್ರತಿಯೊಬ್ಬರ ಒಪ್ಪಿಗೆ ಕೇಳಬೇಕೆಂದಿಲ್ಲ. ಹೊಸ ಯಜಮಾನರ ದರ, ಕಾರ್ಡ್ ವಿವರ, ಸ್ವಯಂ ನವೀಕರಣದ ಸ್ಥಿತಿ ಇವನ್ನು ಹೋಗಿ ನೋಡುವುದಷ್ಟೇ ಹೆಸರುದಾರರ ಪಾಲಿಗೆ ಉಳಿಯುತ್ತದೆ. ಒಪ್ಪಿಗೆಯಾಗದಿದ್ದರೆ ಬೇರೆಡೆಗೆ ಹೋಗಬಹುದು.

ತಾವೇ ಬೇರೆ ರಿಜಿಸ್ಟ್ರಾರ್‌ಗೆ ಹೋಗುವವರು ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ಹೊರಡುವುದು ಒಳಿತು. ವರ್ಗಾವಣೆಗೆ ಕಟ್ಟಿದ ಶುಲ್ಕಕ್ಕೆ ಒಂದು ವರ್ಷ ಸೇರುತ್ತದೆ, ಉಳಿದಿದ್ದ ದಿನಗಳೂ ನಷ್ಟವಾಗುವುದಿಲ್ಲ. ಆದರೆ ಹಳೆಯ ಕಡೆ ಸ್ವಯಂ ನವೀಕರಣವಾಗಿ, ಆ 45 ದಿನಗಳ ಒಳಗೆ ವರ್ಗಾಯಿಸಿದರೆ ಸ್ವಯಂ ನವೀಕರಣದ ವರ್ಷ ರದ್ದಾಗುತ್ತದೆ. ಅಂದರೆ ಎರಡು ಕಡೆ ಹಣ, ಒಂದೇ ವರ್ಷ. ಹಳೆಯ ರಿಜಿಸ್ಟ್ರಾರ್‌ಗೆ ರಿಜಿಸ್ಟ್ರಿಯಿಂದ ಆ ಹಣ ವಾಪಸಾಗಿರುತ್ತದೆ, ಕೇಳಿ ಪಡೆಯಲು ಇದು ಬಲವಾದ ಆಧಾರ. ಹೊಸದಾಗಿ ನೋಂದಾಯಿಸಿದ ಅಥವಾ ಈಗಷ್ಟೇ ವರ್ಗಾಯಿಸಿದ ಹೆಸರನ್ನು 60 ದಿನಗಳವರೆಗೆ ತಡೆಹಿಡಿಯಲು ಅವಕಾಶವಿದೆ. .ಇನ್ ಹೆಸರುಗಳು ದೇಶದ ಸ್ವತ್ತಾದ್ದರಿಂದ ಅವುಗಳಿಗೆ ನಿಕ್ಸಿಯ ನಿಯಮಗಳೇ ಅನ್ವಯ, ಐಕ್ಯಾನ್‌ಗೆ ದೂರಿ ಫಲವಿಲ್ಲ.

ಬಿಡುವ ಮುನ್ನ

ಬೇಡದ ಹೆಸರನ್ನು ಬಿಡುವುದರಲ್ಲೂ ಜಾಗ್ರತೆ ಬೇಕು. ಆ ಹೆಸರಿನ ಇ-ಮೇಲ್ ವಿಳಾಸವನ್ನು ಬ್ಯಾಂಕಿಗೆ, ಆದಾಯ ತೆರಿಗೆ ಖಾತೆಗೆ, ಫೇಸ್‌ಬುಕ್ ಪುಟಕ್ಕೆ ಕೊಟ್ಟಿದ್ದರೆ, ನಾಳೆ ಆ ಹೆಸರು ಪಡೆದವರಿಗೆ ಪಾಸ್‌ವರ್ಡ್ ಬದಲಾಯಿಸುವ ಸಂದೇಶಗಳೂ ತಲುಪುತ್ತವೆ. ಮೊದಲು ಎಲ್ಲ ಕಡೆ ವಿಳಾಸ ಬದಲಾಯಿಸಿ ನಂತರ ಹೆಸರು ಬಿಡಬೇಕು.

ಸಹಕಾರಿ ಬ್ಯಾಂಕುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ ಎಲ್ಲ ಬ್ಯಾಂಕುಗಳೂ ಆ ವರ್ಷದ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ ಹೆಸರಿಗೆ ಬದಲಾಗಬೇಕಿತ್ತು. ಹಳೆಯ ಹೆಸರು ಇನ್ನು ದಂಡ ಎಂದು ಆಡಳಿತ ಮಂಡಳಿಗೆ ಅನಿಸುವುದು ಸಹಜ. ಆದರೆ ಪಾಸ್‌ಬುಕ್‌ಗಳಲ್ಲಿ, ಫಲಕಗಳಲ್ಲಿ, ಗ್ರಾಹಕರ ನೆನಪಿನಲ್ಲಿ ಉಳಿದಿರುವುದು ಹಳೆಯ ಹೆಸರೇ. ಅದನ್ನು ವಂಚಕರು ಪಡೆದು ಬ್ಯಾಂಕಿನ ತದ್ರೂಪು ತಾಣ ತೆರೆದರೆ ಆಗುವ ನಷ್ಟದ ಮುಂದೆ ವಾರ್ಷಿಕ ಶುಲ್ಕ ಅತ್ಯಲ್ಪ. ಇದು ಮುಂದುವರಿಸಲೇಬೇಕಾದ ಹೆಸರು.

ದೂರು ಎಲ್ಲಿ?

ಪಟ್ಟಿಯಲ್ಲಿ ಮೊದಲೇ ಗುರುತು ಹಾಕಿಟ್ಟ ಚೌಕದ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯುವುದನ್ನು 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಸುಲಭವಾಗಿ ಸೇರಿಸಿಕೊಂಡು ಹೊರಬರಲು ಮಾತ್ರ ಕಷ್ಟವಾಗಿಸುವ ‘ಚಂದಾ ಬಲೆ’ಯನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿಯು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿದೆ. ರಿಜಿಸ್ಟ್ರಾರ್‌ನಿಂದ ಸ್ಪಂದನ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಕಾಯ್ದೆಯಂತೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದಾದ್ದರಿಂದ, ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಸ್ವಉದ್ಯೋಗದ ಜೀವನೋಪಾಯಕ್ಕಾಗಿ ಸೇವೆ ಪಡೆದ ಹೋಂಸ್ಟೇ ಮಾಲೀಕರೂ ಗ್ರಾಹಕರ ವ್ಯಾಖ್ಯೆಯೊಳಗೆ ಬರುತ್ತಾರೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.