ಚಲಿತದಂತ, ಪತಿತದಂತ: ಬಂಧನವಿಧಿಯನ್ನು ಕುರಿತು ಒಂದು ಪಾಠವಿಚಾರ

ಬಿದ್ದ ಹಲ್ಲನ್ನು ಮರಳಿ ಅದರ ಕುಳಿಯಲ್ಲಿರಿಸಿ ಬಂಧಿಸುವ ವಿಧಾನ ಸುಶ್ರುತನಿಗೆ ವಿದಿತವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರವನ್ನು ಸಂಹಿತೆಯ ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯದಲ್ಲಿ, ಎಂದರೆ ಭಗ್ನಚಿಕಿತ್ಸಾ ಪ್ರಕರಣದಲ್ಲಿ, ಅರಸಬೇಕು. ಮುರಿಯದೆ ಅಲುಗಾಡುತ್ತಿರುವ, ರಕ್ತಸಹಿತವಾದ ಹಲ್ಲುಗಳನ್ನು ತರುಣನಲ್ಲಿ ಒತ್ತಿ ಕೂರಿಸಿ, ಹೊರಗೆ ಶೀತಲೇಪವನ್ನು ಹಚ್ಚಿ, ಸಂಧಾನಕಾರಕ ದ್ರವ್ಯಗಳಿಂದ ಉಪಚರಿಸಬೇಕೆಂದು ಅಲ್ಲಿ ಉಕ್ತವಾಗಿದೆ. ವೃದ್ಧನಲ್ಲಾದರೆ ಅಂತಹ ಹಲ್ಲುಗಳ ಚಿಕಿತ್ಸೆಯನ್ನೇ ಕೈಬಿಡಬೇಕು.

ಇಲ್ಲಿರುವ ಶಬ್ದ ‘ಚಲಿತ’, ‘ಪತಿತ’ವಲ್ಲ. ಚಲಿತದಂತವು ಇನ್ನೂ ಸ್ವಸ್ಥಾನದಲ್ಲಿಯೇ ಇದೆ. ಇದರಲ್ಲಿ ಪುನಾರೋಪಣವನ್ನು ಕಾಣುವುದೆಂದರೆ ಗ್ರಂಥದಲ್ಲಿಲ್ಲದ ಪದವನ್ನು ಸೇರಿಸಿ ಓದಿದಂತೆ. ಹಲ್ಲಿಗೆ ತಂತಿಯನ್ನಾಗಲಿ ನೂಲನ್ನಾಗಲಿ ಕಟ್ಟುವ ವಿಧಿಯೂ ಅಲ್ಲಿಲ್ಲ. ಅದೇ ಪ್ರಕರಣದ ಪಂಚಾಂಗೀ ಬಂಧವು ತಪ್ಪಿದ ದವಡೆಯ ಸಂಧಿಗೆ ಸಂಬಂಧಿಸಿದುದು. ಹಾಗಾದರೆ ಹಲ್ಲು ನಿಲ್ಲುವುದು ಹೇಗೆ? ರೋಗಿಯು ನೈದಿಲೆಯ ನಾಳದಿಂದ ಹಾಲನ್ನು ಹೀರಬೇಕೆಂಬ ಮಾತು ಇಲ್ಲಿ ಮುಖ್ಯ. ಅಗಿಯುವ ಕೆಲಸ ತಪ್ಪಿದರೆ ಹಲ್ಲಿಗೆ ವಿಶ್ರಾಂತಿ ದೊರೆಯುತ್ತದೆ. ಬಂಧನದ ಪ್ರಯೋಜನವೂ ಬಹುಮಟ್ಟಿಗೆ ಅದೇ.

ಗ್ರೀಕರ ಹಿಪೊಕ್ರೆಟಿಸನ ಹೆಸರಿನ ಸಂಧಿವಿಷಯಕ ಗ್ರಂಥದಲ್ಲಿ, ದವಡೆ ಮುರಿದಾಗ ಸಡಿಲವಾದ ಹಲ್ಲುಗಳನ್ನು ಚಿನ್ನದ ತಂತಿಯಿಂದ, ಅದಿಲ್ಲದಿದ್ದರೆ ನಾರುನೂಲಿನಿಂದ, ಕಟ್ಟಲು ಹೇಳಿದೆ. ಇದೂ ಚಲಿತದಂತದ ವಿಷಯವೇ. ಪತಿತದಂತದ ಸ್ಪಷ್ಟೋಕ್ತಿ ದೊರೆಯುವುದು ಸ್ಪೇನಿನ ಕಾರ್ಡೋಬಾ ಪ್ರಾಂತದ ಅಲ್-ಜಹ್ರಾವಿಯ ‘ಅಲ್-ತಸ್ರೀಫ್’ ಎಂಬ ಅರಬೀ ಗ್ರಂಥದ 30ನೆಯ ಭಾಗದಲ್ಲಿ. ಬಿದ್ದ ಒಂದೆರಡು ಹಲ್ಲುಗಳನ್ನು ಸ್ವಸ್ಥಾನದಲ್ಲಿರಿಸಿ ಪಕ್ಕದ ಹಲ್ಲುಗಳೊಡನೆ ತಂತಿಯಿಂದ ಹೆಣೆಯಬಹುದು. ಬೆಳ್ಳಿ ಬೇಗ ಕೆಡುವುದರಿಂದ ಚಿನ್ನವೇ ಶ್ರೇಷ್ಠವೆಂಬುದು ಆತನ ಮತ. ಈ ಭಾಗವನ್ನು 12ನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡನು ಲ್ಯಾಟಿನಿಗೆ ಪರಿವರ್ತಿಸಿದನು.

ಅಲ್-ಜಹ್ರಾವಿಗೆ ತಂತಿಯು ಬಹುಕಾಲ ನಿಲ್ಲಬೇಕಿತ್ತು. ಇಂದಿನ ದಂತವೈದ್ಯದ ನಿರ್ಣಯ ಇದಕ್ಕೆ ವಿರುದ್ಧವಾದುದು. ದಂತಾಘಾತ ಚಿಕಿತ್ಸೆಯ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಕಟ್ಟು ಬಾಗುವಂತಿರಬೇಕು, ತಂತಿ 0.4 ಮಿಲಿಮೀಟರನ್ನು ಮೀರಬಾರದು, ಸಾಮಾನ್ಯವಾಗಿ 2 ವಾರಗಳಲ್ಲಿ ಅದನ್ನು ತೆಗೆಯಬೇಕು. ಬಿಗಿಯಾದ ಕಟ್ಟು ದೀರ್ಘಕಾಲವಿದ್ದರೆ ಬೇರು ಎಲುಬಿನೊಡನೆ ಬೆಸೆದುಕೊಂಡು ಕ್ರಮೇಣ ಕರಗುವ ಸಂಭವ ಹೆಚ್ಚು. (ಹಲ್ಲಿಗೆ ‘ದ್ವಿಜ’ವೆಂದು ಹೆಸರು, ಅದರ ಮೊದಲ ಜನ್ಮವಾದ ಹಾಲುಹಲ್ಲನ್ನು ಪುನಾರೋಪಿಸುವುದಿಲ್ಲ.) ಒಡನೆಯೇ ನೆಡಲಾಗದಿದ್ದರೆ ಬಿದ್ದ ಹಲ್ಲನ್ನು ಹಾಲಿನಲ್ಲಿರಿಸಬೇಕೆಂದೂ ಮಾರ್ಗಸೂಚಿ ಹೇಳುತ್ತದೆ, ಬೇರಿನ ಮೇಲಣ ಜೀವಕೋಶಗಳು ಒಣಗದಿರಲೆಂದು. ಸುಶ್ರುತನ ಹಾಲಾದರೋ ರೋಗಿಯ ಪಾನಕ್ಕೆ. ಎರಡನ್ನೂ ಒಂದೆಂದು ಭ್ರಮಿಸಲಾಗದು.